ಓಗೊಡದ ಹೆಸರು

ಕೆತ್ತುವ ಯಂತ್ರದ ಹಿಡಿಕೆಗೆ ಒಂದು ಚೀಟಿಯನ್ನು ಸಿಕ್ಕಿಸಿಟ್ಟಿದ್ದರು. ಬೆಳಗ್ಗೆ ಅವನು ಅಂಗಡಿಯ ಹಿಂದಿನ ಕೋಣೆಗೆ ಬಂದು, ಅಂಗಿಯ ಮೇಲೆ ಏಪ್ರನ್ ಕಟ್ಟಿಕೊಳ್ಳುತ್ತಲೇ ಅದನ್ನು ತೆಗೆದು ಓದಿದ. ಓದಿ ಮಡಚಿ ಜೇಬಿಗೆ ಹಾಕಿಕೊಂಡ. ಮತ್ತೆ ತೆಗೆದು ಓದಿದ. ಅಂಗೈ ಅಗಲದ ಹಿತ್ತಾಳೆ ಫಲಕಗಳು, ಒಟ್ಟು ಒಂಬತ್ತು. ಒಂಬತ್ತರ ಮೇಲೂ ಒಂದೇ ಹೆಸರು, ಹೆಸರಿನ ಕೆಳಗೆ ಚಿಕ್ಕದಾಗಿ ಒಂದೊಂದಕ್ಕೆ ಒಂದೊಂದು ಸಂಖ್ಯೆ: 1420, 1680, 1355, ಹೀಗೆ. ಮಧ್ಯಾಹ್ನ ಮೂರಕ್ಕೆ ಬಂದು ಒಯ್ಯುತ್ತಾರೆ. ಅಕ್ಷರ ದುಂಡಗೆ, ಸ್ವಲ್ಪ ನಡುಗಿದ ಕೈಯದು. ಹೆಸರು ಅವನದೇ. ಮೂವತ್ತೊಂದು ವರ್ಷದಿಂದ ಅವನು ಈ ಕೋಣೆಯಲ್ಲಿ ಕೂತು ಊರಿನ ಅರ್ಧ ಬಾಗಿಲುಗಳಿಗೆ ಹೆಸರು ಕೆತ್ತಿದ್ದ. ಡಾಕ್ಟರರಿಗೆ, ವಕೀಲರಿಗೆ, ಸತ್ತವರ ನೆನಪಿಗೆ ಮಾಡಿಸಿದ ಬೆಂಚುಗಳಿಗೆ, ದೋಣಿಗಳಿಗೆ, ನಾಯಿಗಳ ಕೊರಳ ಬಿಲ್ಲೆಗೆ ಕೂಡ. ನಾಯಿಗೂ ಯಾರೂ ಇಡದ ಹೆಸರು ತನ್ನದು ಎಂದು ಒಮ್ಮೊಮ್ಮೆ ತನ್ನಷ್ಟಕ್ಕೇ ನಕ್ಕದ್ದುಂಟು. ಐವತ್ತಾರು ವರ್ಷದಲ್ಲಿ ಅದೇ ಹೆಸರಿನ ಇನ್ನೊಬ್ಬನನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಮನಸ್ಸಿನೊಳಗೆ ಕೂಡ ಅವನು ಅದನ್ನು ಪೂರ್ತಿ ಉಚ್ಚರಿಸುತ್ತಿರಲಿಲ್ಲ. ‘ಅದು’ ಎಂದಷ್ಟೇ ಅಂದುಕೊಂಡು ಮುಂದಕ್ಕೆ ಹೋಗುತ್ತಿದ್ದ. ಈಗ ಅದು ಒಂಬತ್ತು ಸಲ, ಒಂದರ ಕೆಳಗೊಂದು, ಅವನನ್ನು ನೋಡುತ್ತಿತ್ತು.

ಮೊದಲು ಬಂದದ್ದು ಅನುಮಾನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬುದ್ಧಿ ಅವನದು. ಯಾರೋ ಬೇಕೆಂದೇ ಆಟವಾಡಿಸುತ್ತಿದ್ದಾರೆ ಅನ್ನಿಸಿತು. ಆದರೆ ಆಟವಾಡಿಸಲು ಹೆಸರು ಗೊತ್ತಿರಬೇಕಲ್ಲ! ಅಂಗಡಿಯಲ್ಲಿ ಅವನು ಮೇಸ್ತ್ರಿ. ಹಾಜರಿ ಪುಸ್ತಕದಲ್ಲಿ ಒಂದು ಗೀಚು. ಮದುವೆಯಾದ ದಿನದಿಂದ ಹೆಂಡತಿಗೆ ‘ರೀ’. ಆ ಒಂದಕ್ಷರದ ಉಪಕಾರಕ್ಕೆ ಗಂಡ ತನಗೆ ಎಷ್ಟು ಋಣಿಯಾಗಿದ್ದಾನೆ ಎಂಬುದು ಪಾಪ ಅವಳಿಗೆ ಗೊತ್ತಿಲ್ಲ. ಹೆಸರು ಹೇಳಲೇಬೇಕಾದ ಕಡೆ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಕಿಟಕಿಯಲ್ಲಿ, ಅವನು ಹೇಳುವ ಮೊದಲೇ ಕಾಗದ ಮುಂದಕ್ಕೆ ತಳ್ಳುತ್ತಿದ್ದ. ಕಿಟಕಿಯ ಆಚೆಯವರು ಕಾಗದ ನೋಡಿ, ತಲೆಯೆತ್ತಿ ಅವನನ್ನು ನೋಡಿ, ಮತ್ತೆ ಕಾಗದ ನೋಡುವ ಆ ಎರಡು ಗಳಿಗೆ ಇದೆಯಲ್ಲ, ಅದನ್ನು ಅವನು ಬಲ್ಲ. ‘ಇದೇನು ಮನೆತನದ ಹೆಸರಾ?’ ‘ಇದರ ಅರ್ಥ ಏನು?’ ಅರ್ಥ ಅವನಿಗೂ ಗೊತ್ತಿರಲಿಲ್ಲ. ಹೋದ ವರ್ಷ ಲಸಿಕೆಯ ಸಾಲಿನಲ್ಲಿ ಒಬ್ಬಳು ಅದನ್ನು ಗಟ್ಟಿಯಾಗಿ ಕೂಗಿದಾಗ ಅವನು ಸುಮ್ಮನೆ ಕೂತಿದ್ದ. ಅವಳು ಎರಡನೇ ಸಲ ಕೂಗಿ, ಯಾರೂ ಇಲ್ಲವೆಂದು ಮುಂದಿನವರನ್ನು ಕರೆದಿದ್ದಳು. ಎಲ್ಲರೂ ಹೋದ ಮೇಲೆ ಎದ್ದು ಹೋಗಿ ಚುಚ್ಚಿಸಿಕೊಂಡು ಬಂದಿದ್ದ.

‘ಅಕ್ಕಾ, ಈ ಚೀಟಿ ಯಾರು ಕೊಟ್ಟದ್ದು?’ ಎಂದು ಕೇಳಿದ. ಪಾಲಿಶ್ ಮಾಡುವವಳು ಚಕ್ರದಿಂದ ಮುಖ ಎತ್ತಲಿಲ್ಲ. ಅವನಿಗಿಂತ ಆರು ವರ್ಷ ದೊಡ್ಡವಳು. ಮೂಗಿನ ತುದಿಯಿಂದ ಮುಂಗೈವರೆಗೆ ಹಿತ್ತಾಳೆ ಪುಡಿ. ಅವಳಿಗೆ ಓದಲು ಬರುವುದಿಲ್ಲ. ಈ ಊರಿನ ಎಲ್ಲರ ಹೆಸರನ್ನೂ ಬೆರಳಿನಲ್ಲಿ ತಿಕ್ಕಿ ಹೊಳೆಯಿಸಿದವಳು ಒಂದು ಹೆಸರನ್ನೂ ಓದಿದವಳಲ್ಲ.

‘ಅದಾ? ನಿನ್ನೆ ಸಂಜೆ ನೀವು ಯಂತ್ರದ ಮೊಳೆ ಸಾಣೆ ಹಿಡಿಸೋಕೆ ಹೋಗಿದ್ರಲ್ಲ, ಆಗ ಬಂದಿದ್ರು. ವಯಸ್ಸಾದ ಅಮ್ಮ. ಬೆನ್ನು ನೆಟ್ಟಗೆ, ಮಾತು ಕಡ್ಡಿ ಮುರಿದ ಹಾಗೆ. ಇಲ್ಲೇ ಕೂತು ಬರೆದುಕೊಟ್ರು. ಯಾಕೆ, ತಪ್ಪಿದ್ಯಾ?’

‘ಒಂಬತ್ತಕ್ಕೂ ಒಂದೇ ಹೆಸರು.’

‘ಒಂದೇ ಮನೇಗೆ ಒಂಬತ್ತು ಬಾಗಿಲು ಇರಬಹುದು, ನಮಗೇನು? ಕೆಳಗೆ ಮನೆ ನಂಬರೋ ಏನೋ ಬರೆದ್ರು.’ ಆಮೇಲೆ ನಕ್ಕಳು. ‘ಒಬ್ಬನೇ ಗಂಡ, ಒಂಬತ್ತು ಮನೆ ಇರಬೇಕು, ಮೇಸ್ತ್ರಿ. ಬೇಗ ಕೆತ್ತಿ, ಅವನು ಯಾವ ಮನೇಲಿದ್ದೀನಿ ಅಂತ ಮರೆತುಬಿಟ್ಟಾನು.’

ಅವನೂ ನಗಲು ನೋಡಿದ. ನಗು ಬರಲಿಲ್ಲ. ಅಚ್ಚಿನ ಡ್ರಾಯರ್ ಎಳೆದ. ಅವನ ಯಂತ್ರ ಹಳೆಯದು: ಎಡಗಡೆ ದೊಡ್ಡ ಹಿತ್ತಾಳೆಯ ಅಚ್ಚಕ್ಷರಗಳನ್ನು ಸಾಲಾಗಿ ಕೂರಿಸಿ, ಅವುಗಳ ಕಾಲುವೆಯೊಳಗೆ ಒಂದು ಕಡ್ಡಿಯನ್ನು ಓಡಿಸಬೇಕು, ಬಲಗಡೆ ತಿರುಗುವ ಮೊಳೆ ಅದೇ ಚಲನೆಯನ್ನು ಚಿಕ್ಕದಾಗಿ ತಗಡಿನ ಮೇಲೆ ಕೊರೆಯುತ್ತ ಹೋಗುತ್ತದೆ. ಮೂವತ್ತೊಂದು ವರ್ಷದ ಓಡಾಟಕ್ಕೆ ಅಚ್ಚುಗಳು ಸವೆದಿದ್ದವು. ಯಾವ ಅಕ್ಷರ ಎಷ್ಟು ಸವೆದಿದೆ ಎಂದು ಮುಟ್ಟಿ ನೋಡಿದರೇ ಯಾವ ಕಾಲದಲ್ಲಿ ಯಾವ ಹೆಸರು ನಡೆಯಿತೆಂದು ಅವನು ಹೇಳಬಲ್ಲ. ಹೆಸರುಗಳಿಗೂ ಗಾಳಿ ಬೀಸುತ್ತದೆ. ಒಂದು ವರ್ಷ ಊರಿನ ಎಲ್ಲ ಕೂಸಿಗೂ ಒಂದೇ ಹೆಸರು. ಐದು ವರ್ಷ ಕಳೆದರೆ ಅದನ್ನು ಕೇಳುವವರಿಲ್ಲ. ಅಜ್ಜಂದಿರ ಜೊತೆ ಹೋಯಿತು ಅಂದುಕೊಂಡದ್ದು ಮೊಮ್ಮಕ್ಕಳ ಕಾಲಕ್ಕೆ ಮೀಸೆ ಬೋಳಿಸಿಕೊಂಡು ವಾಪಸು ಬರುತ್ತದೆ. ಅವನ ಮಗ ಹುಟ್ಟಿದಾಗ ಆ ವರ್ಷ ಯಾವ ಹೆಸರಿಗೆ ಹೆಚ್ಚು ತಗಡು ಕೊರೆದಿದ್ದೇನೆಂದು ಲೆಕ್ಕಹಾಕಿ ಅದನ್ನೇ ಇಟ್ಟಿದ್ದ. ಮಗನ ತರಗತಿಯಲ್ಲಿ ಆ ಹೆಸರಿನವರು ಐದು ಜನ. ಮಗ ಅದಕ್ಕೇ ಗೊಣಗಿದಾಗ, ‘ಗುಂಪಿನಲ್ಲಿರೋ ಸುಖ ನಿಂಗೆ ಗೊತ್ತಿಲ್ಲ’ ಅಂದಿದ್ದ. ಈಗ ಅವನು ‘ಅದರ’ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿದ. ಮೊದಲಿನವೆರಡು ಸವೆದು ನುಣ್ಣಗಾಗಿದ್ದವು. ಮೂರನೆಯದು ಡ್ರಾಯರಿನ ಹಿಂದಿನ ಮೂಲೆಯಲ್ಲಿ ಎಣ್ಣೆಕಾಗದದಲ್ಲಿ ಸುತ್ತಿಟ್ಟ ಹಾಗೇ ಇತ್ತು. ಕಾಗದ ಬಿಚ್ಚಿದ. ಒಂದು ಗೀರಿಲ್ಲ, ಅಂಚು ಹರಿತ. ಯಾರ ಹೆಸರಿನಲ್ಲೂ ಬಾರದ ಅಕ್ಷರ. ತನ್ನ ಪಕ್ಕದಲ್ಲೇ, ತೊಡೆಗೆ ತಾಗುವ ಡ್ರಾಯರಿನಲ್ಲೇ, ಇಷ್ಟು ವರ್ಷ ಅದು ಹೊಸದಾಗಿ ಮಲಗಿತ್ತು ಅನ್ನಿಸಿ ಅವನ ಮೈ ಸಣ್ಣಗೆ ಜುಮ್ಮೆಂದಿತು. ಅದನ್ನು ಬೆಳಕಿಗೆ ಹಿಡಿದು ನೋಡಿದ. ಚೆಂದವಾಗಿತ್ತು. ಅದರ ಬಾಲ ಒಳಕ್ಕೆ ತಿರುಗಿ ಮತ್ತೆ ಹೊರಕ್ಕೆ ಬರುವ ರೀತಿಯನ್ನು ಅವನು ಹುಡುಗನಾಗಿದ್ದಾಗ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಸಲ ಬರೆದು ತೋರಿಸಿದ್ದರು, ‘ಇದನ್ನ ಬರೆಯೋಕೆ ಬಂದ್ರೆ ಉಳಿದದ್ದೆಲ್ಲ ಬಂದ ಹಾಗೆ ಕಣ್ರೋ’ ಎಂದು.

ಅದು ಅಕ್ಷರ ಕಲಿಸುವ ತರಗತಿ. ಶಾಲೆ ಬಿಟ್ಟ ಮೇಲೆ, ವಾರಕ್ಕೆರಡು ಸಲ, ಅಂಗಡಿ ಬೋರ್ಡು ಬರೆಯುವ ಮೇಷ್ಟ್ರೊಬ್ಬರು ತಮ್ಮ ಮನೆಯ ಉದ್ದನೆಯ ಕೋಣೆಯಲ್ಲಿ ನಡೆಸುತ್ತಿದ್ದರು. ಅವನಿಗೆ ಹನ್ನೊಂದು. ಒಬ್ಬನೇ ಹೋಗಿ ಸೇರಿಕೊಂಡ. ಹೆಸರೇನು ಎಂದು ಕೇಳಿದಾಗ ಬಾಯಿಗೆ ಬಂದ ಒಂದು ಹೆಸರು ಹೇಳಿದ, ಎಲ್ಲರಿಗೂ ಇರುವಂಥದ್ದು; ಆ ಕೋಣೆಯಲ್ಲೇ ಆಗಲೇ ಇಬ್ಬರಿದ್ದರು. ಎಷ್ಟು ಸಲೀಸಾಗಿ ನಡೆದುಹೋಯಿತು! ಯಾರೂ ತಲೆಯೆತ್ತಿ ನೋಡಲಿಲ್ಲ. ಎರಡು ತಿಂಗಳು ಅವನು ಆ ಕೋಣೆಯಲ್ಲಿ ಹಗುರಾಗಿ ಕೂತು ಅಕ್ಷರ ಬರೆದ. ಒಂದು ದಿನ ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದ. ಹುಟ್ಟಿನಿಂದ ಅವನ ಕಣ್ಣು ಮಂದ. ಕನ್ನಡಕವಿಲ್ಲದಿದ್ದರೆ ಒಂದು ಮಾರಿನಾಚೆ ಎಲ್ಲ ಮಸುಕು. ಬಾಗಿಲಲ್ಲಿ ಒಂದು ಆಕಾರ ಬಂದು ನಿಂತಿತು. ಹಿಂದಿನಿಂದ ಬೆಳಕು. ಆ ಆಕಾರ ಅವನನ್ನು ಕರೆಯಿತು, ಅದೇ ಹೆಸರಿನಿಂದ, ಅಪ್ಪನ ದನಿಯಲ್ಲಿ. ಕೋಣೆಯಲ್ಲಿ ಕಿಸಕ್ಕೆಂದು ಯಾರೋ ನಕ್ಕರು. ಅವನು ಕಾಗದದ ಮೇಲೆ ಬಗ್ಗಿಕೊಂಡ. ಅಪ್ಪ ಎರಡನೇ ಸಲ ಕರೆದ. ಮೂರನೇ ಸಲ ಕರೆದ. ಆ ಮೂರನೆಯದು ಕರೆಯುವ ಹಾಗಿರಲಿಲ್ಲ, ಕೇಳುವ ಹಾಗಿತ್ತು. ‘ಆ ಹೆಸರಿನವರು ಇಲ್ಲಿ ಯಾರೂ ಇಲ್ವಲ್ಲ’ ಅಂದರು ಮೇಷ್ಟ್ರು. ಆಮೇಲೆ ಅಪ್ಪನ ದನಿ, ತುಂಬ ಮರ್ಯಾದೆಯಿಂದ, ಬೇರೆ ಯಾರದೋ ಮನೆಗೆ ಬಂದವರ ಹಾಗೆ, ಹೇಳಿತು: ‘ತಪ್ಪಾಯ್ತು. ಈ ಕನ್ನಡಕ ದಾರೀಲಿ ಸಿಕ್ತು. ಯಾರಾದ್ರೂ ಮಕ್ಕಳದ್ದು ಇರಬಹುದು ಅಂತ ಬಂದೆ. ಇಲ್ಲಿಟ್ಟು ಹೋಗ್ತೀನಿ.’ ಮೆಟ್ಟಿಲಿಳಿದ ಸದ್ದು ಕೇಳಿತು.

ಆಗ ಅಪ್ಪನ ಮುಖ ಹೇಗಿತ್ತು? ನಲವತ್ತೈದು ವರ್ಷದಲ್ಲಿ ಅವನು ಇದನ್ನು ಎಷ್ಟು ಸಲ ಕೇಳಿಕೊಂಡಿದ್ದಾನೋ. ಕಂಡಿದ್ದರೆ ಮರೆಯಬಹುದಿತ್ತು. ಕಾಣದ್ದರಿಂದ ಆ ಮಸುಕಿನಲ್ಲಿ ಒಂದೊಂದು ಸಲ ಒಂದೊಂದು ಮುಖ ಮೂಡುತ್ತದೆ: ಸಿಟ್ಟಿನದು, ನಾಚಿಕೆಯದು, ಕೆಲವೊಮ್ಮೆ, ಅದೇ ಸಹಿಸಲಾಗದ್ದು, ಮುಗುಳ್ನಗೆಯದು. ಅಂದು ಊಟಕ್ಕೆ ಕೂತಾಗ ಅಪ್ಪ ಬೈಯಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ, ‘ಅದು ಯಾರ ಹೆಸರು ಅಂತ ಗೊತ್ತೇನೋ ನಿಂಗೆ?’ ಅಂದ. ಅವನು, ‘ಬೇಡಪ್ಪ. ನಂಗೆ ಗೊತ್ತಾಗೋದೂ ಬೇಡ, ಆ ಹೆಸರೂ ಬೇಡ’ ಅಂದ. ಅಪ್ಪ ‘ಸರಿ’ ಎಂದು ಎದ್ದು ಕೈ ತೊಳೆಯಲು ಹೋದ. ಬಸ್ ಡಿಪೋದಲ್ಲಿ ಚಕ್ರ ಬಿಚ್ಚುವ ಕೈ. ಎಷ್ಟು ತೊಳೆದರೂ ಉಗುರಿನ ಸುತ್ತ ಮಸಿ ಉಳಿಯುತ್ತಿತ್ತು. ಆವತ್ತಿನಿಂದ ಅಪ್ಪ ಅವನನ್ನು ‘ಮರಿ’ ಎಂದು ಕರೆದ. ಸಾಯುವವರೆಗೂ ಮರಿ. ಅಮ್ಮನನ್ನು ಕೇಳೋಣವೆಂದರೆ ಅವಳು ಅವನನ್ನು ಹೆತ್ತ ಮೂರನೇ ದಿನ ತೀರಿಕೊಂಡವಳು. ಆ ದಿನಗಳ ಮಾತನ್ನು ಅಪ್ಪ ಎತ್ತುತ್ತಲೇ ಇರಲಿಲ್ಲ. ಎತ್ತಿದ್ದು ಆ ಒಂದು ಸಲ. ಅವನು ಬೇಡವೆಂದ.

ಮೊದಲನೆಯ ತಗಡು ಮುಗಿದಾಗ ಹನ್ನೊಂದು ಗಂಟೆ. ಊದಿ ಪುಡಿ ಹಾರಿಸಿದ. ಕೊರೆದ ಗೆರೆಗಳಲ್ಲಿ ಹೊಸ ಹಿತ್ತಾಳೆ ಕಣ್ಣಿಗೆ ಚುಚ್ಚುವಂತೆ ಹೊಳೆಯಿತು. ಬೇರೆಯವರ ಹೆಸರನ್ನು ಅವನು ಎಂದೂ ಹೆಸರಾಗಿ ನೋಡಿದವನಲ್ಲ. ಅಕ್ಷರಗಳ ನಡುವಿನ ಅಂತರ, ಕೆಳಗಿಳಿದ ಕೊಂಬು, ಇಷ್ಟೇ. ಇದನ್ನು ನೋಡುತ್ತ ಕೂತ. ಇದು ಯಾರದೋ ಬಾಗಿಲಿನ ಮೇಲೆ ಇರುತ್ತದೆ. ಆ ಮನೆಯವನು ಬೆಳಗ್ಗೆ ಎದ್ದು ಆ ಬಾಗಿಲು ತೆರೆದು ಹಾಲು ತೆಗೆದುಕೊಳ್ಳುತ್ತಾನೆ. ನಾಚಿಕೆಯಿಲ್ಲದೆ! ಅಂಥವರು ಒಂಬತ್ತು ಜನ. ಎರಡನೆಯದು, ಮೂರನೆಯದು. ಐದನೆಯದರ ಹೊತ್ತಿಗೆ ಕೈ ಅಚ್ಚನ್ನು ನೋಡದೆ ಹೋಗತೊಡಗಿತು. ಮೂರನೆಯ ಅಕ್ಷರದ ಬಾಲ ಒಳಕ್ಕೆ ತಿರುಗಿ ಹೊರಕ್ಕೆ ಬರುವಲ್ಲಿ ಮಣಿಕಟ್ಟು ತಾನಾಗಿ ಬಾಗಿತು. ಯಂತ್ರದ ಒಂದೇ ಸಮನೆಯ ಗುಂಯ್‌ಗುಟ್ಟುವಿಕೆಯಲ್ಲಿ ಅವನ ತುಟಿ ಅಲುಗುತ್ತಿತ್ತು. ಊಟದ ಡಬ್ಬಿ ಬಿಚ್ಚಲು ಮರೆತ. ಕೊನೆಗೆ ಯಂತ್ರ ನಿಲ್ಲಿಸಿ, ತಗಡುಗಳನ್ನೆಲ್ಲ ಗುಡ್ಡೆ ಮಾಡಿ ಪಾಲಿಶ್ ಅಕ್ಕನ ಕಡೆ ಸರಿಸಿ, ಗೆರೆಗಳಿಗೆ ತುಂಬುವ ಕಪ್ಪು ಬಣ್ಣದ ಡಬ್ಬಿಯನ್ನೂ ಕೊಟ್ಟ.

ಅವನಿಗೆ ಆಗ ಹೆದರಿಕೆ ಶುರುವಾಯಿತು. ಆ ಅಂಗಡಿಯಲ್ಲಿ ಒಂದು ಪದ್ಧತಿ: ಫಲಕ ಒಪ್ಪಿಸುವಾಗ ಕೆತ್ತಿದವನು ಹೆಸರನ್ನು ಗಟ್ಟಿಯಾಗಿ ಓದಬೇಕು, ಒಯ್ಯುವವರು ‘ಸರಿ’ ಅನ್ನಬೇಕು. ಆಮೇಲೆಯೇ ಕಟ್ಟಿಕೊಡುವುದು. ತೀರಿಹೋದ ಹಳೆಯ ಯಜಮಾನ ಮಾಡಿದ ಕಟ್ಟಳೆ. ಸಾವಿರಾರು ಹೆಸರನ್ನು ಹೀಗೆ ಓದಿ ಒಪ್ಪಿಸಿದ ಬಾಯಿ ಅವನದು. ಪಾಲಿಶ್ ಅಕ್ಕನಿಗೆ ವಹಿಸೋಣವೆಂದರೆ ಅವಳಿಗೆ ಓದು ಬಾರದು. ತಲೆನೋವೆಂದು ಹೇಳಿ ಮನೆಗೆ ಹೋಗಿಬಿಡಬಹುದು. ಆ ಯೋಚನೆ ಬಂದದ್ದೇ ಏಪ್ರನ್ನಿನ ಗಂಟಿಗೆ ಕೈ ಹೋಯಿತು. ಆದರೆ ಹೋದರೆ ಆ ಒಂಬತ್ತು ಜನ ಯಾರೆಂದು ತಿಳಿಯುವುದಿಲ್ಲ. ಬೇಡವೆಂದು ಒಮ್ಮೆ ಹೇಳಿ ಆಗಿದೆ. ಗಂಟನ್ನು ಮತ್ತೆ ಬಿಗಿದುಕೊಂಡ.

ಮೂರಕ್ಕೆ ಸರಿಯಾಗಿ ಅವರು ಬಂದರು. ಎಪ್ಪತ್ತೆಂಟೋ ಎಂಬತ್ತೋ. ಬಿಳಿ ಕೂದಲನ್ನು ಬಿಗಿಯಾಗಿ ಎಳೆದು ಗಂಟು ಹಾಕಿದ್ದರು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ತುದಿಯಲ್ಲಿ ಕೂತರು. ಮೂವತ್ತಾರು ವರ್ಷ ಪಕ್ಕದ ಜಿಲ್ಲೆಯ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಈಗಲೂ ಎಲ್ಲರ ಬಾಯಲ್ಲಿ ಸಿಸ್ಟರ್ ಎಂದು ಹೇಳಿಕೊಂಡರು. ‘ಒಳಗೆ ಬಣ್ಣ ತುಂಬ್ತಾ ಇದ್ದಾರೆ, ಐದು ನಿಮಿಷ’ ಎಂದ ಅವನು, ಗಲ್ಲಾದ ಮೇಲಿನ ಧೂಳು ಒರೆಸುವಂತೆ ಮಾಡುತ್ತ, ಯಾವ ಲೆಕ್ಕಕ್ಕೂ ಇಲ್ಲದ ದನಿಯಲ್ಲಿ ಕೇಳಿದ: ‘ಅಪರೂಪದ ಹೆಸರು, ಸಿಸ್ಟರ್. ಒಂಬತ್ತು ಮನೆಗೂ ಒಂದೇ?’

‘ಮನೆ ಅಲ್ಲಪ್ಪ, ಜನ. ಕೆಳಗಿರೋದು ಮನೆ ನಂಬರಲ್ಲ, ಹುಟ್ಟಿದಾಗಿನ ತೂಕ. ಗ್ರಾಂ ಲೆಕ್ಕದಲ್ಲಿ.’ ಅವನು ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಸಿಸ್ಟರಿಗೆ ಹೇಳುವ ಚಟ ಇತ್ತು. ಬಹಳ ದಿನದಿಂದ ಕೇಳುವವರು ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ‘ಐವತ್ತಾರು ವರ್ಷದ ಹಿಂದಿನ ಮಾತು. ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು. ಚಳಿಗಾಲ. ಬಿರುಗಾಳಿಗೆ ಊರಿನ ಕರೆಂಟು ಕಂಬ ಎಲ್ಲ ಮಲಗಿಬಿಟ್ವು. ಒಂಬತ್ತು ದಿನ ಕರೆಂಟಿಲ್ಲ. ಮೂರನೇ ಮಹಡೀಲಿ ದಿನ ತುಂಬದೆ ಹುಟ್ಟಿದ ಕೂಸುಗಳು ಇಪ್ಪತ್ತೈದು. ಅವಕ್ಕೆ ಬೆಚ್ಚಗಿರಬೇಕು, ಇಲ್ಲದಿದ್ರೆ ಗಂಟೆ ಲೆಕ್ಕದಲ್ಲಿ ಹೋಗ್ತವೆ. ಡಾಕ್ಟರು ಕೈ ಚೆಲ್ಲಿದ್ರು. ಆಗ ಕೆಳಗಡೆ ಬಾಯ್ಲರ್ ಕೋಣೇಲಿ ಕಲ್ಲಿದ್ದಲು ಹಾಕೋನು ಒಬ್ಬ ಇದ್ದ. ಅವನು ಮೇಲೆ ಬಂದು ಬಾಗಿಲಲ್ಲಿ ನಿಂತು, “ಬಿಸಿನೀರು ನಾನು ಕೊಡ್ತೀನಿ, ಬಾಟ್ಲಿ ನೀವು ಕೊಡಿ” ಅಂದ. ಅಷ್ಟೇ. ಗಂಟೆಗೊಂದು ಸಲ ಇಪ್ಪತ್ತೈದು ಬಾಟ್ಲಿ. ಲಿಫ್ಟಿಲ್ಲ. ಮೂರು ಮಹಡಿ ಹತ್ತಬೇಕು, ಆರಿದ ಬಾಟ್ಲಿ ತಗೊಂಡು ಇಳೀಬೇಕು, ಮತ್ತೆ ತುಂಬಿಸಬೇಕು. ಒಂಬತ್ತು ದಿನ. ಅವನು ಯಾವಾಗ ಮಲಗ್ದ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.’

ಸಿಸ್ಟರ್ ತಮ್ಮ ಕೈಗಳನ್ನು ನೋಡಿಕೊಂಡರು. ‘ಒಂದು ದಿನಾನೂ ಅವನು ಒಳಗೆ ಕಾಲಿಡಲಿಲ್ಲ. ಕೈ ತುಂಬ ಮಸಿ ನೋಡು. ಬಾಗಿಲಲ್ಲೇ ನಿಂತು ಕೊಡ್ತಿದ್ದ. ಅದೇ ಬಾಗಿಲಲ್ಲಿ ಇನ್ನೊಬ್ಬ ಇದ್ದ, ಒಂದು ಕೂಸಿನ ಅಪ್ಪ. ಬಸ್ ಡಿಪೋದವನು. ಹೆಂಡತಿ ಹೆರಿಗೆಯಾದ ಮೂರನೇ ದಿನ ತೀರಿಹೋಗಿದ್ಲು. ಅವನ ಕೈಯಲ್ಲೂ ಮಸಿ, ಡಿಪೋದ್ದು, ತೊಳೆದ್ರೂ ಹೋಗ್ತಿರಲಿಲ್ಲ. ನಾನು ಹುಡುಗಿ, ರೂಲ್ಸು ಅಂದ್ರೆ ರೂಲ್ಸು. ಅವನನ್ನೂ ಒಳಗೆ ಬಿಡಲಿಲ್ಲ. ಈಗ ನೆನೆಸಿಕೊಂಡ್ರೆ ನನ್ನ ಮೇಲೆ ನಂಗೇ ಸಿಟ್ಟು ಬರುತ್ತೆ. ಇಬ್ಬರೂ ಬಾಗಿಲಲ್ಲಿ ನಿಂತಿರೋರು. ಆಮೇಲೆ ಅವನೂ ಬಾಟ್ಲಿ ಹೊರೋಕೆ ಶುರು ಮಾಡ್ದ. ಹತ್ತನೇ ದಿನ ಕರೆಂಟು ಬಂತು. ಒಂದು ಕೂಸೂ ಹೋಗಿರಲಿಲ್ಲ. ಇಪ್ಪತ್ತೈದಕ್ಕೆ ಇಪ್ಪತ್ತೈದು! ನಾನು ತೊಟ್ಟಿಲಿನ ಚೀಟಿ ಬರೀತಾ, ಏನಪ್ಪಾ ಹೆಸರಿಡ್ತೀಯ ಅಂತ ಡಿಪೋದವನನ್ನ ಕೇಳ್ದೆ. ಅವನು ಪಕ್ಕಕ್ಕೆ ತಿರುಗಿ ಬಾಯ್ಲರಿನವನನ್ನ, “ನಿಮ್ಮ ಹೆಸರು ಏನು?” ಅಂದ. ಒಂಬತ್ತು ದಿನ ಜೊತೆಗೆ ಹೊತ್ತಿದ್ದಾರೆ, ಹೆಸರು ಕೇಳಿರಲಿಲ್ಲ. ಅವನು ಹೇಳ್ದ. ಇವನು, “ಅದೇ ಬರೀರಿ” ಅಂದ.’

ಹೊರಗೆ ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಅದರ ಕೂಗು ನಿಲ್ಲುವವರೆಗೂ ಸಿಸ್ಟರ್ ಕಾದರು. ಅವನು ಗಲ್ಲಾದ ಅಂಚನ್ನು ಹಿಡಿದುಕೊಂಡಿದ್ದ.

‘ಮೂಗಿಗಿಂತ ಮೂಗುತಿ ಭಾರ ಅಂತ ನಾನು ನಕ್ಕಿದ್ದೆ. ಸಾವಿರದ ಎಂಬತ್ತು ಗ್ರಾಂ ಕೂಸು, ಅದಕ್ಕೆ ಅಷ್ಟು ದೊಡ್ಡ ಹೆಸರು. ಆದರೆ ಅದನ್ನ ನೋಡಿ ಪಕ್ಕದ ತೊಟ್ಟಿಲಿನವಳು, ನನ್ನ ಮಗನಿಗೂ ಅದೇ ಇರಲಿ ಅಂದ್ಲು. ಅವಳ ಪಕ್ಕದವಳೂ ಅಂದ್ಲು. ಇದ್ದ ಹದಿನಾಲ್ಕು ಗಂಡಿಗೂ ಅದೇ ಹೆಸರು. ಹನ್ನೊಂದು ಹೆಣ್ಣಿಗೆ ಬಾಯ್ಲರಿನವನ ಹೆಂಡತಿ ಹೆಸರಿಟ್ರು, ಅದು ಎಲ್ಲರಿಗೂ ಇರೋ ಹೆಸರು, ಯಾರ ಗಮನಕ್ಕೂ ಬರಲಿಲ್ಲ. ತಮಾಷೆ ಕೇಳು. ತಾಯಂದಿರು ಕೂಸನ್ನ ಮುದ್ದು ಮಾಡ್ತಾ ಹೆಸರು ಹಿಡಿದು ಕರೆದಾಗೆಲ್ಲ, ಹೊರಗೆ ಹಾದು ಹೋಗೋ ಬಾಯ್ಲರಿನವನು “ಓ” ಅನ್ನೋನು. ಪಾಪ, ಅಭ್ಯಾಸ.’ ಅವರು ನಕ್ಕರು. ಕೈಚೀಲದಿಂದ ಅಂಚು ಸವೆದ ಒಂದು ನೋಟ್‌ಬುಕ್ ತೆಗೆದರು. ತೊಟ್ಟಿಲಿನ ಚೀಟಿ ಬರೆಯುವ ಕೆಲಸ ಅವರದೇ ಆಗಿದ್ದರಿಂದ, ಆ ಹೆಸರು ಬಂದಾಗೆಲ್ಲ ಒಂದು ಗೀಟು ಹಾಕಿಕೊಂಡು ಬಂದಿದ್ದರಂತೆ. ಮೊದಲ ವರ್ಷ ಹದಿನಾಲ್ಕು. ಮರುವರ್ಷ ಮೂವತ್ತೊಂದು. ಅದರ ಮರುವರ್ಷ ನಲವತ್ತಾರು, ಒಂದೇ ಆಸ್ಪತ್ರೆಯಲ್ಲಿ! ಕೇಳಲು ಘನವಾಗಿದೆ, ಯಾವನೋ ದೊಡ್ಡ ವಿದ್ವಾಂಸನದಿರಬೇಕು ಎಂದು ಕಾರಿನಲ್ಲಿ ಬರುವವರೂ ಇಟ್ಟರು. ಆಮೇಲೆ ಒಂಬತ್ತು. ಆಮೇಲೆ ಎರಡು. ಆಮೇಲಿನ ಪುಟಗಳಲ್ಲಿ ಇಸವಿ ಮಾತ್ರ ಇತ್ತು, ಗೀಟಿರಲಿಲ್ಲ.

‘ಯಾಕೆ?’ ಎಂದ.

‘ಕಲ್ಲಿದ್ದಲು ಹಾಕೋನ ಹೆಸರು ಅಂತ ಗೊತ್ತಾಯ್ತು, ಇನ್ಯಾಕೆ? ಗೊತ್ತಾಗಿದ್ದೇ ತಡ, ಶಾಲೆಗೆ ಸೇರಿಸೋವಾಗ ಒಬ್ಬೊಬ್ಬರೇ ಬದಲಾಯಿಸಿದ್ರು. ಅವನಿಗೂ ತಿಳೀತು. ಒಂದು ದಿನ ಬಂದು, “ಸಿಸ್ಟರ್, ಈಗ ಯಾರೂ ಇಡ್ತಾ ಇಲ್ವಾ?” ಅಂತ ಕೇಳ್ದ. ಬೇಜಾರಿಲ್ಲ, ಸುಮ್ನೆ ವಿಚಾರಿಸೋ ಹಾಗೆ. ಆಗ ನಾನು, ಅದು ಎಲ್ಲಿಂದ ಬಂದ ಹೆಸರಯ್ಯಾ, ನಾನಂತೂ ಎಲ್ಲೂ ಕೇಳಿಲ್ಲ ಅಂದೆ. ಅವನ ತಾಯಿ ಬಸುರಿಯಾಗಿದ್ದಾಗ ಒಂದು ರೈಲ್ವೆ ಸ್ಟೇಷನ್ನಿನಲ್ಲಿ ಕೂತಿದ್ಲಂತೆ. ಯಾರೋ ಒಬ್ಬ ಹೆಂಗಸು ಪ್ಲಾಟ್‌ಫಾರಂ ಉದ್ದಕ್ಕೂ ಓಡ್ತಾ, ಒಂದೊಂದೇ ಡಬ್ಬಿಯ ಕಿಟಕಿಗೆ ಮುಖ ಇಟ್ಟು ಆ ಹೆಸರು ಕರೀತಾ ಇದ್ಲಂತೆ. ಮಗನೋ ಗಂಡನೋ ಅಣ್ಣನೋ ಗೊತ್ತಿಲ್ಲ. ರೈಲು ಹೊರಡೋವರೆಗೂ ಕರೆದ್ಲಂತೆ. ಒಬ್ಬರೂ ಓ ಅನ್ನಲಿಲ್ಲವಂತೆ. ಇವನ ತಾಯಿಗೆ ಅದು ಮನಸ್ಸಿನಿಂದ ಹೋಗ್ಲೇ ಇಲ್ಲ. ಗಂಡು ಹುಟ್ಟಿದ್ರೆ ಇದೇ ಹೆಸರಿಡ್ತೀನಿ, ಲೋಕದಲ್ಲಿ ಆ ಹೆಸರಿಗೆ ಓ ಅನ್ನೋಕೆ ಒಬ್ಬನಾದ್ರೂ ಇರಲಿ ಅಂದ್ಲಂತೆ.’

ಅವನಿಗೆ ಕಾಲಿನ ಕೆಳಗಿನ ನೆಲ ಇದ್ದಂತೆಯೇ ಇತ್ತು, ಗೋಡೆಯ ಗಡಿಯಾರವೂ ನಡೆಯುತ್ತಿತ್ತು, ಆದರೂ ಎಲ್ಲ ಬಹಳ ದೊಡ್ಡದಾಗಿಬಿಟ್ಟಿತ್ತು. ಹೆಸರು ತನ್ನದು, ತನ್ನ ಒಬ್ಬನ ಅವಮಾನ ಎಂದು ಐವತ್ತಾರು ವರ್ಷ ಬಗಲಲ್ಲಿ ಮುಚ್ಚಿಟ್ಟುಕೊಂಡದ್ದು. ಅದರ ಹಿಂದೆ ಯಾವಳೋ ರೈಲಿನ ಪಕ್ಕದಲ್ಲಿ ಓಡುತ್ತಿದ್ದಳು. ಯಾವನೋ ಮೂರು ಮಹಡಿ ಹತ್ತುತ್ತಿದ್ದ, ಇಳಿಯುತ್ತಿದ್ದ, ಹತ್ತುತ್ತಿದ್ದ. ಒಳಗೆ ಬಿಡದ ಬಾಗಿಲಿನಲ್ಲಿ ಅಪ್ಪ ನಿಂತಿದ್ದ. ಹನ್ನೊಂದು ವರ್ಷದ ಮೇಲೆ ಇನ್ನೊಂದು ಬಾಗಿಲಿನಲ್ಲಿ ಬಂದು ನಿಂತ. ಅಲ್ಲೂ ಒಳಗೆ ಬಿಡಲಿಲ್ಲ. ಅಯ್ಯೋ ಅಪ್ಪ, ಎಂದುಕೊಂಡ. ಒಂದು ಅಕ್ಷರ, ಒಂದೇ ಒಂದು ಅಕ್ಷರ ಕೇಳಲು ಮೂರು ಸಲ ಕರೆದೆಯಲ್ಲ.

‘ಬಾಯ್ಲರ್ ಕೋಣೆ ಕೆಡವ್ತಾರಂತೆ, ಈ ಭಾನುವಾರ ಆದ ಮೇಲೆ’ ಎನ್ನುತ್ತಿದ್ದರು ಸಿಸ್ಟರ್. ‘ಅವನು ತೀರಿಕೊಂಡು ಇಪ್ಪತ್ತು ವರ್ಷ. ಅದಕ್ಕೇ ಆ ಮೊದಲ ವರ್ಷದ ಹದಿನಾಲ್ಕು ಜನರನ್ನ ಹುಡುಕಿದೆ. ಮೂರು ಜನ ಹೆಸರು ಬದಲಾಯಿಸಿದ್ದಾರೆ, ಒಬ್ಬ ಸತ್ತುಹೋಗಿದ್ದಾನೆ. ಒಂಬತ್ತು ಜನ ಬರ್ತಾರೆ. ಒಬ್ಬೊಬ್ಬರ ಕೈಗೆ ಒಂದೊಂದು ಫಲಕ ಕೊಟ್ಟು, ಅಲ್ಲಿ ನಿಲ್ಲಿಸಿ ಒಂದು ಸಲ ಹೆಸರು ಕರೀತೀನಿ, ಎಲ್ಲರೂ ಒಟ್ಟಿಗೆ ಓ ಅನ್ನಲಿ. ಆ ಗೋಡೆ ಕೇಳಿಸಿಕೊಳ್ಳಲಿ. ಇನ್ನೊಬ್ಬ ಮಾತ್ರ ಸಿಗಲೇ ಇಲ್ಲ. ಡಿಪೋದವನಿಗೆ ಬೇರೆ ಊರಿಗೆ ವರ್ಗ ಆಯ್ತಂತೆ. ಮೊದಲನೆಯವನೇ ಇಲ್ಲದೆ...’

‘ಮೇಸ್ತ್ರಿ,’ ಪಾಲಿಶ್ ಅಕ್ಕ ತಟ್ಟೆ ಹಿಡಿದು ಒಳಗಿನಿಂದ ಬಂದಳು. ‘ನನಗೆ ಓದು ಬರದಿದ್ರೂ ಎಣಿಕೆ ಬರುತ್ತೆ. ಒಂಬತ್ತು ಅಂದ್ರಿ, ಹತ್ತಿದೆ. ಮೂವತ್ತೊಂದು ವರ್ಷದಲ್ಲಿ ಒಂದು ತಗಡು ಹೆಚ್ಚು ಕೊರೆದವರಲ್ಲ, ಏನಾಯ್ತು ಇವತ್ತು? ಹೋಗಲಿ, ಹಿಂದುಗಡೆಗೆ ಬೇರೆಯವರ ಹೆಸರು ಹಾಕೋಣ ಬಿಡಿ.’ ತಟ್ಟೆಯನ್ನು ಗಲ್ಲಾದ ಮೇಲಿಟ್ಟು, ಕಟ್ಟಲು ಕಾಗದ ತರುತ್ತೇನೆಂದು ಒಳಗೆ ಹೋದಳು.

ಸಿಸ್ಟರ್ ಕನ್ನಡಕ ಏರಿಸಿಕೊಂಡು ಎಣಿಸಿದರು. ಹತ್ತು. ಅವನೂ ನೋಡಿದ. ಹತ್ತನೆಯದನ್ನು ಯಾವಾಗ ಕೊರೆದನೆಂದು ಅವನಿಗೆ ನೆನಪಿರಲಿಲ್ಲ. ಆದರೆ ಹತ್ತರಲ್ಲಿ ಅದೇ ಚೆನ್ನಾಗಿ ಬಂದಿತ್ತು, ಬಾಲದ ಬಾಗು ತಪ್ಪಿಲ್ಲದೆ.

‘ಇದಕ್ಕೆ ತೂಕ ಇಲ್ಲವಲ್ಲ’ ಎಂದರು.

ಅವನು ಓದಿ ಒಪ್ಪಿಸಬೇಕಿತ್ತು. ಆ ಹತ್ತನೆಯ ಫಲಕವನ್ನು ಕೈಗೆತ್ತಿಕೊಂಡು ಬಾಯಿ ತೆರೆದ. ಓದುವ ಬದಲು ಕನ್ನಡಕ ತೆಗೆದು ಏಪ್ರನ್ನಿನ ಅಂಚಿನಲ್ಲಿ ಒರೆಸತೊಡಗಿದ. ಒರೆಸುತ್ತಲೇ ಇದ್ದ. ಸಿಸ್ಟರ್ ಅವನ ಕಣ್ಣುಗಳನ್ನು ನೋಡಿದರು, ದಿನ ತುಂಬದೆ ಹುಟ್ಟಿದವರ ಕಣ್ಣುಗಳನ್ನು ಮೂವತ್ತಾರು ವರ್ಷ ನೋಡಿದವರು. ಅವನ ಕೈಯಲ್ಲಿದ್ದ ಹಿತ್ತಾಳೆಯನ್ನು ನೋಡಿದರು. ಸ್ಟೂಲಿನಿಂದ ಎದ್ದರು. ನಾಲ್ಕು ಹೆಜ್ಜೆ ಹಿಂದಕ್ಕೆ, ಅಂಗಡಿಯ ಬಾಗಿಲವರೆಗೆ ಹೋಗಿ, ತಿರುಗಿ ನಿಂತರು. ಹಿಂದಿನಿಂದ ಮಧ್ಯಾಹ್ನದ ಬೆಳಕು. ಕನ್ನಡಕವಿಲ್ಲದ ಕಣ್ಣಿಗೆ ಬಾಗಿಲಿನಲ್ಲಿ ಒಂದು ಮಸುಕು ಆಕಾರ ಮಾತ್ರ ಕಂಡಿತು.

ಆ ಆಕಾರ ಹೆಸರು ಹಿಡಿದು ಕರೆಯಿತು. ಉದ್ದನೆಯ ವಾರ್ಡಿನ ಆ ತುದಿಗೆ ಕೇಳುವಂತೆ, ಪೂರ್ತಿಯಾಗಿ, ಒಂದಕ್ಷರವನ್ನೂ ನುಂಗದೆ. ಬೀದಿಯಲ್ಲಿ ಯಾರೋ ತಿರುಗಿ ನೋಡಿದರು. ಎರಡನೇ ಸಲ ಕರೆಯಿತು. ಅವನ ಕೈಯಲ್ಲಿನ ತಗಡು ಬೆಚ್ಚಗಾಗಿತ್ತು. ಮೂರನೇ ಸಲ.

‘ಓ’ ಎಂದ.

ತೀರ ಜೋರಾಯಿತು. ಒಳಗಿನ ಕೋಣೆಯಲ್ಲಿ ಕಾಗದದ ಸದ್ದು ನಿಂತಿತು.

‘ಯಾರನ್ನ ಕರೆದದ್ದು, ಮೇಸ್ತ್ರಿ?’ ಎಂದು ಪಾಲಿಶ್ ಅಕ್ಕ ಅಲ್ಲಿಂದಲೇ ಕೇಳಿದಳು.

‘ನನ್ನನ್ನೇ, ಅಕ್ಕ.’